ಬೇಟೆಯ ಸುಖ ಮತ್ತು ಗೋಡೆಯ ಕೊಂಬು

ದಿಬ್ಬೂರಹಳ್ಳಿ ಕಡೆಯ ಬೋಳುಗುಡ್ಡಗಳನ್ನೂ ಅವುಗಳ ತಪ್ಪಲಿನ ಹಿಪ್ಪುನೇರಳೆ ತೋಟಗಳನ್ನೂ ನೋಡಿದವರಿಗೆ, ಇದು ಒಂದು ಕಾಲದ ಬೇಟೆಯ ಸೀಮೆ ಎಂದರೆ ನಗು ಬಂದೀತು. ಶಿಡ್ಲಘಟ್ಟ ಎಂದೊಡನೆ ನೆನಪಾಗುವುದು ರೇಷ್ಮೆಗೂಡು, ಕೊಳವೆಬಾವಿ, ಮಳೆಗಾಗಿ ಕಾಯುವ ಕೆರೆ. ಆದರೆ ಈ ಸೀಮೆಯ ದೊಡ್ಡ ಊರಾದ ಚಿಕ್ಕಬಳ್ಳಾಪುರ ಹುಟ್ಟಿದ್ದೇ ಬೇಟೆಯಿಂದ ಎನ್ನುತ್ತದೆ ಐತಿಹ್ಯ. ಆವತಿಯ ಮಲ್ಲಭೈರೇಗೌಡನ ಮಗ ಮರಿಗೌಡ ಕೋಡಿಮಂಚನಹಳ್ಳಿಯ ಕಾಡಿನಲ್ಲಿ ಬೇಟೆಯಾಡುತ್ತಿದ್ದಾಗ, ಮೊಲವೊಂದು ಓಡದೆ ಬೇಟೆನಾಯಿಗಳಿಗೇ ತಿರುಗಿ ನಿಂತಿತಂತೆ. ಮೊಲಕ್ಕೇ ಇಷ್ಟು ಕೆಚ್ಚಿದ್ದರೆ ಇದು ಗಂಡುಭೂಮಿಯೇ ಸರಿ ಎಂದು ಬಗೆದು, ವಿಜಯನಗರದ ಅರಸರ ಅಪ್ಪಣೆ ಪಡೆದು ಅಲ್ಲಿ ಕೋಟೆ ಕಟ್ಟಿಸಿದರಂತೆ. ಇಂಥದೇ ಕಥೆ ವಿಜಯನಗರದ ಹುಟ್ಟಿನ ಬಗೆಗೂ ಇದೆ.

ಈ ಕಥೆಯಲ್ಲಿ ಒಂದು ಸ್ವಾರಸ್ಯವಿದೆ. ಆ ಮೊಲ ಸತ್ತಿತೇ, ಬದುಕಿತೇ ಎಂದು ಹೇಳುವವರು ಯಾರೂ ಇಲ್ಲ. ಬೇಟೆಗಾರ ಏನು ಹೊಡೆದ ಎಂಬುದಕ್ಕಿಂತ ಏನು ಕಂಡ ಎಂಬುದೇ ಇಲ್ಲಿ ಮುಖ್ಯವಾಗಿದೆ. ಹಾಗಾದರೆ ಬೇಟೆಯ ಸುಖ ಇರುವುದು ಯಾವುದರಲ್ಲಿ? ಕೊಲ್ಲುವುದರಲ್ಲೇ, ಹುಡುಕುವುದರಲ್ಲೇ, ಹಂಚಿ ತಿನ್ನುವುದರಲ್ಲೇ, ಇಲ್ಲ ಹತ್ತು ಜನಕ್ಕೆ ತೋರಿಸಿಕೊಳ್ಳುವುದರಲ್ಲೇ? ಹಳೆಯ ಬಂಗಲೆಗಳ, ಕ್ಲಬ್ಬುಗಳ ಗೋಡೆಯ ಮೇಲೆ ಧೂಳು ಹಿಡಿದು ಕುಳಿತ ಜಿಂಕೆ, ಕಡವೆಗಳ ಕೊಂಬುಗಳು ಇವುಗಳಲ್ಲಿ ಕಡೆಯದನ್ನು ಮಾತ್ರ ಹೇಳುತ್ತವೆ. ಉಳಿದ ಮೂರರ ಕಥೆ ಅದಕ್ಕಿಂತ ಬಹಳ ಹಳೆಯದು.

ಆಕಾಶದಲ್ಲೂ ಒಂದು ಜಿಂಕೆ

ಸಂಸ್ಕೃತದಲ್ಲಿ ‘ಮೃಗ’ ಎಂದರೆ ಕಾಡುಪ್ರಾಣಿ, ಜಿಂಕೆ ಎಂಬ ಎರಡೂ ಅರ್ಥಗಳಿವೆ. ಬೇಟೆಗೆ ‘ಮೃಗಯೆ’ ಎಂಬ ಹೆಸರು ಬಂದದ್ದೂ ಅದೇ ಮೂಲದಿಂದ. ಆ ಧಾತುವಿಗೆ ಹುಡುಕು, ಅರಸು ಎಂಬ ಅರ್ಥವಿದೆ. ಕನ್ನಡದ ‘ಬೇಟೆ’ ಇನ್ನೂ ಕುತೂಹಲಕರ. ಹಳಗನ್ನಡದಲ್ಲಿ ‘ಬೇಟ’ ಎಂದರೆ ಪ್ರೀತಿ, ಬಯಕೆ. ಬೇಟಕ್ಕೂ ಬೇಟೆಗೂ ನಡುವೆ ಒಂದೇ ಸ್ವರದ ಅಂತರ.

ಜೂನ್ ತಿಂಗಳಲ್ಲಿ ನಮ್ಮ ರೈತರು ‘ಮೃಗಶಿರ ಮಳೆ’ ಹಿಡಿಯಿತೇ ಎಂದು ಮೋಡ ನೋಡುತ್ತಾರಷ್ಟೆ. ಮೃಗಶಿರ ಎಂದರೆ ಜಿಂಕೆಯ ತಲೆ. ಆಕಾಶದಲ್ಲಿ ಅದರ ಬೆನ್ನಟ್ಟಿದಂತೆ ಹೊಳೆಯುವ ಅತಿ ಪ್ರಕಾಶಮಾನ ನಕ್ಷತ್ರಕ್ಕೆ ‘ಮೃಗವ್ಯಾಧ’, ಅಂದರೆ ಜಿಂಕೆಯ ಬೇಟೆಗಾರ, ಎಂದು ಹೆಸರು. ನಡುವೆ ಸಾಲಾಗಿ ಕಾಣುವ ಮೂರು ಚುಕ್ಕಿಗಳೇ ಅವನು ಬಿಟ್ಟ ಬಾಣ. ಜಿಂಕೆಯ ರೂಪ ತಾಳಿದ ಪ್ರಜಾಪತಿಯನ್ನು ರುದ್ರ ಬೆನ್ನಟ್ಟಿ ಹೊಡೆದನೆಂಬ ವೇದಕಾಲದ ಕಥೆ ಇದರ ಹಿಂದಿದೆ.

ಆದರೆ ನಮ್ಮ ಪುರಾಣಗಳು ಬೇಟೆಯನ್ನು ಸುಮ್ಮನೆ ಕೊಂಡಾಡಿ ಬಿಡುವುದಿಲ್ಲ. ಕೂಡುತ್ತಿದ್ದ ಜೋಡಿಜಿಂಕೆಗೆ ಬಾಣ ಬಿಟ್ಟ ಪಾಂಡುರಾಜನಿಗೆ ಶಾಪ ತಗಲಿತು. ಹೊನ್ನಿನ ಜಿಂಕೆಯ ಬೆನ್ನು ಹತ್ತಿದ ರಾಮ ಸೀತೆಯನ್ನು ಕಳೆದುಕೊಂಡ. ರಾಜನೀತಿಯ ಗ್ರಂಥಗಳು ಬೇಟೆಯನ್ನು ಅರಸರ ವ್ಯಸನಗಳ ಸಾಲಿಗೆ, ಜೂಜು ಕುಡಿತಗಳ ಪಕ್ಕಕ್ಕೆ ಸೇರಿಸಿದವು. ಕ್ರಿ.ಶ. 1209ರಲ್ಲಿ ಜನ್ನ ಕವಿ ಬರೆದ ‘ಯಶೋಧರ ಚರಿತೆ’ಯಂತೂ, ಹಿಟ್ಟಿನ ಕೋಳಿಯನ್ನು ಬಲಿ ಕೊಟ್ಟರೂ ಕೊಂದ ಪಾಪ ಜನ್ಮಜನ್ಮಾಂತರಕ್ಕೆ ಅಂಟುತ್ತದೆ ಎನ್ನುವ ಕಥೆ. ಒಂದೇ ನಾಡಿನಲ್ಲಿ ಬೇಟೆಯ ಬಗ್ಗೆ ಹಿಗ್ಗೂ ಅಳುಕೂ ಜೊತೆಜೊತೆಯಾಗಿಯೇ ಬೆಳೆದು ಬಂದಿವೆ.

ಅರಸರ ವಿನೋದ

ಅರಸರ ಮಟ್ಟಿಗೆ ಬೇಟೆ ಒಂದು ಶಾಸ್ತ್ರವಾಗಿತ್ತು. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಅಡುಗೆ, ಸಂಗೀತ, ಮಲ್ಲಯುದ್ಧಗಳ ಜೊತೆಗೆ ಬೇಟೆಗೂ ಜಾಗವಿದೆ. ನೀರಿನ ತಾಣದ ಬಳಿ ಮರೆಯಲ್ಲಿ ಕಾಯುವುದು, ಸಾಕಿದ ಜಿಂಕೆಯನ್ನು ಬಿಟ್ಟು ಕಾಡಿನ ಜಿಂಕೆಯನ್ನು ಸೆಳೆಯುವುದು, ಪಳಗಿಸಿದ ಸಿವಂಗಿಯನ್ನು ಛೂ ಬಿಡುವುದು ಮೊದಲಾದ ಕ್ರಮಗಳನ್ನು ಅದು ಹೇಳುತ್ತದೆ. ಬೇಲೂರಿನ ಚೆನ್ನಕೇಶವ ದೇವಾಲಯದ ಮದನಿಕೆಯರಲ್ಲಿ ಬಿಲ್ಲು ಹಿಡಿದ ಬೇಟೆಗಾತಿ ಇದ್ದಾಳೆ. ಹಂಪಿಯ ಮಹಾನವಮಿ ದಿಬ್ಬದ ಪಟ್ಟಿಕೆಗಳಲ್ಲಿ ಜಿಂಕೆಗಳ ಹಿಂದೆ ಬೇಟೆಗಾರರು ಓಡುತ್ತಿದ್ದಾರೆ.

ಇವೆಲ್ಲಕ್ಕಿಂತ ಮನಸ್ಸಿಗೆ ನಾಟುವುದು ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲು. ಅದೀಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕ್ರಿ.ಶ. 949ರ ಸುಮಾರಿನ ತಕ್ಕೋಲದ ಕಾಳಗದಲ್ಲಿ ಪರಾಕ್ರಮ ಮೆರೆದ ಮಣಲೇರನೆಂಬ ವೀರ ತನ್ನೊಡೆಯನಾದ ಗಂಗರ ಬೂತುಗನಿಂದ ಮೆಚ್ಚುಗೆಯಾಗಿ ‘ಕಾಳಿ’ ಎಂಬ ಬೇಟೆನಾಯಿಯನ್ನು ಕೇಳಿ ಪಡೆದ. ಆ ನಾಯಿ ಮುಂದೆ ದೊಡ್ಡ ಕಾಡುಹಂದಿಯೊಂದರ ಜೊತೆ ಸೆಣಸಿತು, ಎರಡೂ ಸತ್ತವು. ನಾಯಿಯ ನೆನಪಿಗೆ ದೇವಾಲಯದ ಮುಂದೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆಂದು ಭೂಮಿ ಬಿಟ್ಟರು. ಕಲ್ಲಿನ ಮೇಲೆ ನಾಯಿ, ಹಂದಿ ಎರಡನ್ನೂ ಎದುರುಬದುರಾಗಿ ಕಡೆಯಲಾಗಿದೆ. ಸತ್ತ ಪ್ರಾಣಿಯ ತಲೆಯನ್ನು ಗೋಡೆಗೆ ಏರಿಸುವುದಕ್ಕೂ, ಸೆಣಸಿದ ಎರಡು ಜೀವಗಳಿಗೂ ಒಂದೇ ಕಲ್ಲಿನಲ್ಲಿ ಜಾಗ ಕೊಡುವುದಕ್ಕೂ ಇರುವ ದೂರವನ್ನು ಓದುಗರೇ ಅಳೆಯಬಹುದು.

ಊರ ಬೇಟೆ

ಊರಿನ ಜನರ ಬೇಟೆಯ ಕ್ರಮ ಬೇರೆ. ಅಲ್ಲಿ ಬೇಟೆ ಹಬ್ಬದ ಒಂದು ಅಂಗವಾಗಿತ್ತು. ಯುಗಾದಿಯ ಆಸುಪಾಸಿನಲ್ಲಿ ಊರ ಗಂಡಸರೆಲ್ಲ ಕೋಲು, ಬಲೆ, ನಾಯಿಗಳೊಂದಿಗೆ ಗುಡ್ಡಕ್ಕೆ ಹೋಗುವ ಪದ್ಧತಿ ಬಯಲುಸೀಮೆಯ ಹಲವೆಡೆ ಇತ್ತು. ಕೊಡಗಿನಲ್ಲಿ ನಾಟಿ ಕೆಲಸ ಮುಗಿದ ಮೇಲೆ ಸೆಪ್ಟೆಂಬರ್ ಮೊದಲ ವಾರದಲ್ಲಿ ಬರುವ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿ, ಕತ್ತಿಗಳಿಗೆ ಪೂಜೆ ನಡೆಯುತ್ತದೆ. ಹಿಂದೆ ಬೇಟೆಯ ಕಾಲ ಆರಂಭವಾಗುತ್ತಿದ್ದುದೇ ಆ ಹಬ್ಬದ ನಂತರ. ಅಲ್ಲಿ ಹುಲಿ ಹೊಡೆದವನನ್ನು ಮದುವಣಿಗನಂತೆ ಕೂರಿಸಿ ‘ನರಿ ಮಂಗಲ’ ಮಾಡುತ್ತಿದ್ದರು. ಕೊಡವ ಭಾಷೆಯಲ್ಲಿ ನರಿ ಎಂದರೆ ಹುಲಿ.

ನಮ್ಮ ಗಡಿಸೀಮೆಗೆ ಸಮೀಪದ ತೆಲುಗು ನಾಡಿನಲ್ಲಿ ದೇವರೇ ಬೇಟೆಗೆ ಹೋಗುವ ಪಾರುವೇಟ ಉತ್ಸವವಿದೆ. ಸಂಕ್ರಾಂತಿಯ ಹೊತ್ತಿಗೆ ತಿರುಮಲೆಯಲ್ಲಿ ಉತ್ಸವಮೂರ್ತಿಯನ್ನು ಬೇಟೆಗೆಂದು ಹೊರಡಿಸುತ್ತಾರೆ. ಅಹೋಬಲದ ನರಸಿಂಹ ಆಗ ಗುಡ್ಡ ಇಳಿದು ಸುತ್ತಣ ಹಳ್ಳಿಗಳನ್ನು ವಾರಗಟ್ಟಲೆ ಸುತ್ತುತ್ತಾನೆ. ಚೆಂಚು ಜನ ಅವನನ್ನು ತಮ್ಮ ಅಳಿಯನೆಂದು ಬಗೆಯುತ್ತಾರೆ. ಅಲ್ಲಿ ಪ್ರಾಣಿ ಸಾಯುವುದಿಲ್ಲ. ಬೇಟೆಯ ಸಂಭ್ರಮ ಮಾತ್ರ ಉಳಿದಿದೆ.

ಊರ ಬೇಟೆಯ ಮುಖ್ಯ ಕಟ್ಟಳೆ ಪಾಲು. ಹೊಡೆದವನಿಗೆ ಒಂದು ಪಾಲು, ಸೋವಿದವರಿಗೆ ಒಂದು ಪಾಲು, ಜೊತೆಗೆ ನಾಯಿಗಳಿಗೂ ಪಾಲು. ಹೊಡೆದವನಿಗೆ ಹೆಸರು ಬರುತ್ತಿತ್ತು, ಮಾಂಸ ಊರಿಗೆ ಸೇರುತ್ತಿತ್ತು. ಅದಕ್ಕಿಂತ ಮುಖ್ಯವಾದ ಇನ್ನೊಂದು ಗಳಿಕೆಯಿತ್ತು. ಯಾವ ಹಳ್ಳದಲ್ಲಿ ನೀರಿದೆ, ಯಾವ ಮರದ ಹಣ್ಣು ಉದುರಿದಾಗ ಜಿಂಕೆ ಬರುತ್ತದೆ, ಹೆಜ್ಜೆ ಇಂದಿನದೋ ನಿನ್ನೆಯದೋ, ಗಾಳಿ ಯಾವ ಕಡೆಗೆ ಬೀಸುತ್ತಿದೆ ಎಂಬ ತಿಳಿವಳಿಕೆ ಅಪ್ಪನಿಂದ ಮಗನಿಗೆ ನಡೆದಾಡುತ್ತಲೇ ದಾಟುತ್ತಿತ್ತು. ಬೇಟೆಗೆ ಹೋದ ದಿನಗಳಲ್ಲಿ ಹೆಚ್ಚಿನವು ಬರಿಗೈಯಲ್ಲಿ ಮರಳುವ ದಿನಗಳೇ. ಆದರೂ ಜನ ಮತ್ತೆ ಹೋಗುತ್ತಿದ್ದರು. ಕಾಯುವುದು, ಕಿವಿಗೊಟ್ಟು ಕೇಳುವುದು, ಉಸಿರು ಬಿಗಿಹಿಡಿದು ನೋಡುವುದು ಇವೇ ಆ ಸುಖದ ಬಹುಪಾಲು.

ಕೊಂಬಿಗೆ ಅಳತೆ ಬಂದದ್ದು

ಕೊಂಬಿಗಾಗಿ ಬೇಟೆ ಎಂಬುದು ಇಲ್ಲಿ ವ್ಯಾಪಕವಾಗಿ ಬೇರೂರಿದ್ದು ಬ್ರಿಟಿಷರ ಕಾಲದಲ್ಲಿ. ಅದನ್ನು ತಿಳಿಯಲು ಮೊದಲು ಕೊಂಬಿನ ಬಗೆಗೆ ಎರಡು ಮಾತು ಅಗತ್ಯ.

ಸಾರಗ ಅಥವಾ ಚುಕ್ಕೆಜಿಂಕೆ, ಕಡವೆ, ಕಾಡುಕುರಿ ಇವುಗಳ ಕೊಂಬು ಅಪ್ಪಟ ಮೂಳೆ. ಗಂಡಿಗೆ ಮಾತ್ರ ಬರುತ್ತದೆ. ಬೆಳೆಯುವಾಗ ಮಖಮಲ್ಲಿನಂಥ ಮೆತ್ತನೆ ತೊಗಲು ಹೊದ್ದಿರುತ್ತದೆ. ಆ ತೊಗಲಿನ ರಕ್ತನಾಳಗಳೇ ಕೊಂಬಿಗೆ ಪೋಷಣೆ ಒದಗಿಸುತ್ತವೆ. ಬೆಳವಣಿಗೆ ಮುಗಿದ ಮೇಲೆ ತೊಗಲು ಒಣಗುತ್ತದೆ; ಜಿಂಕೆ ಮರಕ್ಕೆ ಉಜ್ಜಿ ಅದನ್ನು ಕಳಚಿಕೊಳ್ಳುತ್ತದೆ. ಬೆದೆಗಾಲದ ಕಾದಾಟ ಮುಗಿದು ಕೆಲಕಾಲವಾದ ಮೇಲೆ ಕೊಂಬೇ ಬಿದ್ದುಹೋಗಿ ಹೊಸದು ಮೊಳೆಯುತ್ತದೆ. ಕೃಷ್ಣಮೃಗದ ಕೊಂಬು ಹಾಗಲ್ಲ. ಅದು ದನ, ಮೇಕೆಗಳ ಕೊಂಬಿನ ಜಾತಿ. ಒಳಗೆ ಮೂಳೆ, ಹೊರಗೆ ಉಗುರಿನಂಥ ಕವಚ. ಕವಲೊಡೆಯುವುದಿಲ್ಲ, ಜೀವಮಾನದಲ್ಲಿ ಬಿದ್ದುಹೋಗುವುದೂ ಇಲ್ಲ. ಹಾಗೆ ನೋಡಿದರೆ ಕೃಷ್ಣಮೃಗ ನಿಜವಾದ ಜಿಂಕೆಯೇ ಅಲ್ಲ, ಹುಲ್ಲೆ.

ದೊಡ್ಡ ಕೊಂಬು ಬರಬೇಕಾದರೆ ಗಂಡು ಪ್ರಾಯಕ್ಕೆ ಬಂದಿರಬೇಕು, ಒಳ್ಳೆಯ ಮೇವು ತಿಂದಿರಬೇಕು, ಅದಕ್ಕೆ ರೋಗರುಜಿನ ಇರಬಾರದು. ಅಂದರೆ ಅತಿ ದೊಡ್ಡ ಕೊಂಬಿನ ಗಂಡೇ ಹಿಂಡಿನ ಅತ್ಯುತ್ತಮ ಗಂಡು. ಹುಲಿ, ಸೀಳುನಾಯಿಗಳು ಕೈಗೆ ಸುಲಭವಾಗಿ ಸಿಕ್ಕಿದ್ದನ್ನು ಹಿಡಿದರೆ, ಕೊಂಬಿನ ಬೇಟೆಗಾರ ಹಿಂಡಿನ ಅತ್ಯುತ್ತಮವಾದುದನ್ನೇ ಆರಿಸಿ ಹೊಡೆಯುತ್ತಾನೆ.

ಲಂಡನ್ನಿನ ರೋಲೆಂಡ್ ವಾರ್ಡ್ 1892ರಲ್ಲಿ ಜಗತ್ತಿನ ದೊಡ್ಡ ಬೇಟೆಪ್ರಾಣಿಗಳ ಕೊಂಬಿನ ಅಳತೆಗಳ ಪುಸ್ತಕವನ್ನೇ ಪ್ರಕಟಿಸಿದ. ಅಂಗುಲ ಲೆಕ್ಕದ ಪೈಪೋಟಿಗೆ ಅದು ದಾರಿ ಮಾಡಿತು. ಅಮೆರಿಕದಲ್ಲಿ ಥಿಯೋಡರ್ ರೂಸ್‌ವೆಲ್ಟ್ 1887ರಲ್ಲಿ ಸ್ಥಾಪಿಸಿದ ಬೂನ್ ಅಂಡ್ ಕ್ರಾಕೆಟ್ ಕ್ಲಬ್ 1950ರಲ್ಲಿ ಕೊಂಬಿಗೆ ಅಂಕ ಕೊಡುವ ಕ್ರಮವನ್ನು ಗೊತ್ತುಪಡಿಸಿತು. ಅಲ್ಲಿನ ಬಿಳಿಬಾಲದ ಜಿಂಕೆಯ ಕೊಂಬಿನ ಉದ್ದ, ಕವಲುಗಳ ಉದ್ದ, ಸುತ್ತಳತೆ, ನಡುವಿನ ಅಗಲ ಎಲ್ಲವನ್ನೂ ಕೂಡಿಸಿ, ಎಡಬಲಗಳಿಗೆ ಇರುವ ವ್ಯತ್ಯಾಸವನ್ನು ಕಳೆಯುತ್ತಾರೆ. ನೂರಾರು ಗಂಟೆ ಕಾಡಿನಲ್ಲಿ ಕಳೆದ ಅನುಭವ ಕೊನೆಗೆ ಒಂದು ಸಂಖ್ಯೆಯಾಗಿ ಉಳಿಯುತ್ತದೆ.

ನಮ್ಮಲ್ಲಿ ಈ ಹವ್ಯಾಸದ ಕೇಂದ್ರ ಮೈಸೂರಾಗಿತ್ತು. 1900ರಲ್ಲಿ ಯೂಜೀನ್ ವಾನ್ ಇಂಗೆನ್ ಅಲ್ಲಿ ಆರಂಭಿಸಿದ ಚರ್ಮಪ್ರಸಾಧನ ಸಂಸ್ಥೆ ಜಗತ್ತಿನಲ್ಲೇ ಹೆಸರಾಯಿತು. ಮಹಾರಾಜರು, ವೈಸ್‌ರಾಯ್‌ಗಳು ಹೊಡೆದ ಪ್ರಾಣಿಗಳ ತೊಗಲು ಅಲ್ಲಿಗೆ ಬರುತ್ತಿತ್ತು. ಕಾಗದದ ಪದರಗಳಿಂದ ಅಚ್ಚಿನಲ್ಲಿ ತೆಗೆದ ಬೊಂಬೆಗೆ ಹದ ಮಾಡಿದ ತೊಗಲನ್ನು ಹೊದಿಸಿ, ಗಾಜಿನ ಕಣ್ಣಿಟ್ಟು, ಬದುಕಿದ್ದಂತೆಯೇ ಕಾಣುವ ಹಾಗೆ ಮಾಡುತ್ತಿದ್ದರು. ಹುಲಿ ಚಿರತೆಗಳೇ ನಲವತ್ತು ಸಾವಿರಕ್ಕೂ ಮೀರಿ ಆ ಕಾರ್ಖಾನೆಯನ್ನು ಹಾದುಹೋದವು. 1999ರಲ್ಲಿ ಅದು ಬಾಗಿಲು ಮುಚ್ಚಿತು. ಒಂದೇ ಊರಿನ ಒಂದೇ ಕಾರ್ಖಾನೆಯ ಲೆಕ್ಕ ಇದು ಎಂಬುದನ್ನು ನೆನೆದರೆ ಎದೆ ಝಲ್ಲೆನ್ನುತ್ತದೆ.

ಕಾಯಿದೆಯ ಬೇಲಿ

ಬೇಟೆಗೆ ಕಟ್ಟುಪಾಡು ತರುವ ಪ್ರಯತ್ನ ಮೈಸೂರು ಸಂಸ್ಥಾನದಲ್ಲಿ 1901ರಷ್ಟು ಹಿಂದೆಯೇ ನಡೆದಿತ್ತು. ಆ ವರ್ಷ ಬೇಟೆಪ್ರಾಣಿ ಹಾಗೂ ಮೀನುಗಳ ಸಂರಕ್ಷಣೆಯ ರೆಗ್ಯುಲೇಷನ್ ಜಾರಿಗೆ ಬಂತು. ಮಹಾರಾಜರ ಬೇಟೆಗೆಂದು ಕಾಯ್ದಿಟ್ಟ ಕಾಡುಗಳೇ ಮುಂದೆ ಬಂಡೀಪುರದಂಥ ರಕ್ಷಿತ ಪ್ರದೇಶಗಳಾದವು. 1973ರಲ್ಲಿ ಬಂಡೀಪುರ ಹುಲಿ ಯೋಜನೆಗೆ ಸೇರಿತು. ಅರಸರ ಬೇಟೆಯ ಹುಚ್ಚು ಕಾಡನ್ನು ಉಳಿಸಿತು ಎಂಬ ಮಾತಿನಲ್ಲಿ ಸತ್ಯಾಂಶವಿದೆ. ಆದರೆ ಆ ಬೇಲಿಯ ಹೊರಗೆ ಉಳಿದದ್ದು ಕಡಿಮೆ. ಕೃಷ್ಣಮೃಗಗಳನ್ನು ಅಟ್ಟಿ ಹಿಡಿಯುತ್ತಿದ್ದ ಸಿವಂಗಿ ಟಿಪ್ಪುವಿನ ಬೇಟೆಯ ಬಳಗದಲ್ಲಿತ್ತು. 1952ರಲ್ಲಿ ಅದು ಭಾರತದಿಂದಲೇ ಅಳಿಯಿತೆಂದು ಘೋಷಿಸಲಾಯಿತು. 2022ರಲ್ಲಿ ಮಧ್ಯಪ್ರದೇಶದ ಕೂನೋಗೆ ಆಫ್ರಿಕದಿಂದ ಸಿವಂಗಿಗಳನ್ನು ತರಿಸಬೇಕಾಯಿತು.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಮೊದಲು ಪರವಾನಗಿಯ ಮೇಲೆ ಕೆಲವು ಪ್ರಾಣಿಗಳ ಬೇಟೆಗೆ ಅವಕಾಶ ಉಳಿಸಿಕೊಂಡಿತ್ತು. 1991ರ ತಿದ್ದುಪಡಿ ಆ ಬಾಗಿಲನ್ನೂ ಮುಚ್ಚಿತು. ಕಾಯಿದೆಯ ಪ್ರಕಾರ ಕೊಂಬು, ಮೂಳೆ, ಉಗುರು, ಹಲ್ಲು, ಗರಿ ಎಲ್ಲವೂ ‘ಟ್ರೋಫಿ’ಗಳೇ. ತಾನಾಗಿ ಬಿದ್ದ ಜಿಂಕೆಯ ಕೊಂಬನ್ನು ಕಾಡಿನಿಂದ ಹೆಕ್ಕಿ ತರುವುದೂ ಅಪರಾಧ ಎಂಬುದು ಹಲವರಿಗೆ ಗೊತ್ತಿಲ್ಲ. ಅದಕ್ಕೆ ಕಾರಣವಿದೆ. ಬಿದ್ದ ಕೊಂಬಿಗೆ ಬೆಲೆ ಬಂದರೆ ಕೊಂದು ತೆಗೆದ ಕೊಂಬೂ ಅದರ ಜೊತೆ ಮಾರಾಟವಾಗುತ್ತದೆ.

ಅಜ್ಜನ ಕಾಲದ ಕೊಂಬು, ಉಗುರುಗಳಿದ್ದವರು ಘೋಷಿಸಿಕೊಳ್ಳಲೆಂದು 2003ರಲ್ಲಿ ಕೇಂದ್ರ ಸರ್ಕಾರ 180 ದಿನಗಳ ಅವಕಾಶ ಕೊಟ್ಟಿತು. 2023ರ ಅಕ್ಟೋಬರ್‌ನಲ್ಲಿ ಟಿ.ವಿ. ಸ್ಪರ್ಧೆಯೊಂದರಲ್ಲಿದ್ದ ವ್ಯಕ್ತಿ ಹುಲಿ ಉಗುರಿನ ಪದಕ ಧರಿಸಿದ್ದಕ್ಕಾಗಿ ಬಂಧನಕ್ಕೊಳಗಾದಾಗ ರಾಜ್ಯದ ಎಷ್ಟೋ ಮನೆಗಳಲ್ಲಿ ಅಟ್ಟದ ಪೆಟ್ಟಿಗೆಗಳು ನೆನಪಾದವು. 2024ರ ಜನವರಿಯಲ್ಲಿ ರಾಜ್ಯ ಸರ್ಕಾರ ಇಂಥ ವಸ್ತುಗಳನ್ನು ಒಪ್ಪಿಸಲು ಮೂರು ತಿಂಗಳ ಗಡುವಿನ ಅಧಿಸೂಚನೆ ಹೊರಡಿಸಿತು. ಹಿರಿಯರು ಹೆಮ್ಮೆಯಿಂದ ತೂಗುಹಾಕಿದ್ದನ್ನು ಮೊಮ್ಮಕ್ಕಳು ಅಳುಕಿನಿಂದ ಇಳಿಸುವ ಕಾಲ ಬಂತು.

ಅಮೆರಿಕದಲ್ಲಿ ಆಗುವುದು ಇಲ್ಲೇಕೆ ಆಗದು?

ಬೇಟೆಯ ಪರವಾಗಿ ಮಾತನಾಡುವವರು ಅಮೆರಿಕದ ಉದಾಹರಣೆ ಕೊಡುವುದುಂಟು. ಅದನ್ನು ತಳ್ಳಿಹಾಕುವಂತಿಲ್ಲ. ಮಾಂಸದ ವ್ಯಾಪಾರಕ್ಕಾಗಿ ನಡೆದ ಬೇಟೆಯಿಂದ 1900ರ ಹೊತ್ತಿಗೆ ಅಲ್ಲಿ ಬಿಳಿಬಾಲದ ಜಿಂಕೆ ಸುಮಾರು ಐದು ಲಕ್ಷಕ್ಕೆ ಇಳಿದಿತ್ತು. ಈಗ ಅದರ ಸಂಖ್ಯೆ ಸುಮಾರು ಮೂರು ಕೋಟಿ. ಬೇಟೆಗೆ ಋತು, ಮಿತಿ, ಪರವಾನಗಿ ಶುಲ್ಕ ಗೊತ್ತುಮಾಡಿ, 1937ರ ಕಾಯಿದೆಯ ಮೂಲಕ ಬಂದೂಕು, ತೋಟಾಗಳ ಮೇಲಿನ ತೆರಿಗೆಯನ್ನು ವನ್ಯಜೀವಿ ಕೆಲಸಕ್ಕೆ ಮೀಸಲಿಟ್ಟರು. ಜಿಂಕೆ ಉಳಿಯುವುದು ಬೇಟೆಗಾರನಿಗೂ ಬೇಕಾಯಿತು.

ಆದರೆ ಅಲ್ಲಿ ಜಿಂಕೆ ಅಷ್ಟು ಹೆಚ್ಚಲು ಇನ್ನೊಂದು ಕಾರಣವಿದೆ. ಅದನ್ನು ತಿನ್ನುವ ತೋಳ, ಪ್ಯೂಮಾಗಳನ್ನು ಬಹುಪಾಲು ಪ್ರದೇಶದಲ್ಲಿ ಮೊದಲೇ ಮುಗಿಸಿಬಿಟ್ಟಿದ್ದರು. ಈಗ ಅಲ್ಲಿ ವರ್ಷಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ವಾಹನಗಳು ಜಿಂಕೆಗಳಿಗೆ ಡಿಕ್ಕಿ ಹೊಡೆಯುತ್ತವೆ ಎಂಬ ಅಂದಾಜಿದೆ. ಕಾಡಿನ ಬೇಟೆಗಾರರು ಹೋದ ಜಾಗವನ್ನು ಮನುಷ್ಯ ತುಂಬಬೇಕಾಗಿ ಬಂದಿದೆ.

ನಮ್ಮ ಕಾಡಿನಲ್ಲಿ ಆ ಜಾಗ ಖಾಲಿಯಿಲ್ಲ. ನಾಗರಹೊಳೆಯಲ್ಲಿ ದಶಕಗಳ ಕಾಲ ಅಧ್ಯಯನ ನಡೆಸಿದ ಡಾ. ಉಲ್ಲಾಸ ಕಾರಂತರ ಲೆಕ್ಕದಂತೆ ಒಂದು ಹುಲಿಗೆ ವರ್ಷಕ್ಕೆ ಜಿಂಕೆ ಗಾತ್ರದ ಸುಮಾರು 50 ಪ್ರಾಣಿಗಳು ಬೇಕು. ಹಿಂಡು ಕುಂದದೆ ವರ್ಷಕ್ಕೆ 50ನ್ನು ಒದಗಿಸಬೇಕಾದರೆ ಕಾಡಿನಲ್ಲಿ ಸುಮಾರು 500 ಪ್ರಾಣಿಗಳಿರಬೇಕು. ಇಲ್ಲಿ ಹೊಡೆದ ಒಂದೊಂದು ಜಿಂಕೆಯೂ ಹುಲಿಯ ತಟ್ಟೆಯಿಂದ ಎತ್ತಿದ ತುತ್ತೇ. ಹಸಿದ ಹುಲಿ, ಚಿರತೆಗಳು ಆಮೇಲೆ ಬರುವುದು ದನದ ಕೊಟ್ಟಿಗೆಗೆ.

ಉಳಿದ ಸುಖ

ಕಾಯಿದೆ ಬಂದ ಮೇಲೆ ಬೇಟೆ ನಿಂತಿತೆಂದು ಹೇಳಲಾಗದು. ರಾತ್ರಿ ಜೀಪಿನಲ್ಲಿ ಕುಳಿತು ಕಣ್ಣಿಗೆ ಬೆಳಕು ಬಿಟ್ಟು ಹೊಡೆಯುವುದು, ಉರುಳು ಕಟ್ಟುವುದು, ಬೇಲಿಗೆ ಕರೆಂಟ್ ಹಾಯಿಸುವುದು ನಡೆದೇ ಇದೆ. ಅದರಲ್ಲಿ ಹೆಜ್ಜೆ ಓದುವ ವಿದ್ಯೆಯಿಲ್ಲ, ಗಾಳಿ ನೋಡುವ ತಾಳ್ಮೆಯಿಲ್ಲ, ಪಾಲು ಹಂಚುವ ಕಟ್ಟಳೆಯೂ ಇಲ್ಲ. ಊರ ಬೇಟೆಯಿಂದ ಸುಖವನ್ನೆಲ್ಲ ಕಳೆದರೆ ಉಳಿಯುವುದು ಇಷ್ಟೇ. ಇತ್ತ ಹೊಲಕ್ಕೆ ಹಂದಿ ಜಿಂಕೆ ನುಗ್ಗಿ ಬೆಳೆ ಕಳೆದುಕೊಂಡ ರೈತನ ಕಷ್ಟವೂ ಸುಳ್ಳಲ್ಲ; ಪರಿಹಾರ ತಡವಿಲ್ಲದೆ ಅವನ ಕೈಸೇರದಿದ್ದರೆ ಉರುಳಿನ ತಂತಿಯೇ ಅವನಿಗೆ ಹತ್ತಿರವಾಗುತ್ತದೆ.

ಹಾಗಾದರೆ ಆ ಹಳೆಯ ಸುಖ ಮುಗಿದೇ ಹೋಯಿತೆ? ನಮ್ಮ ಸಾಹಿತ್ಯ ಇಲ್ಲ ಎನ್ನುತ್ತದೆ. ಬೆಂಗಳೂರಿನ ಕೆನೆತ್ ಆಂಡರ್ಸನ್‌ರ ಶಿಕಾರಿಯ ಅನುಭವಗಳನ್ನು ಪೂರ್ಣಚಂದ್ರ ತೇಜಸ್ವಿ ‘ಕಾಡಿನ ಕಥೆಗಳು’ ಎಂದು ಕನ್ನಡಕ್ಕೆ ತಂದರು. ಕೆದಂಬಾಡಿ ಜತ್ತಪ್ಪ ರೈಗಳು ‘ಬೇಟೆಯ ನೆನಪುಗಳು’ ಬರೆದರು. ಬಂದೂಕನ್ನು ಕೈಯಿಂದ ಮುಟ್ಟದ ಸಾವಿರಾರು ಓದುಗರು ಈ ಪುಸ್ತಕಗಳನ್ನು ಮತ್ತೆ ಮತ್ತೆ ಓದುವುದು ಕೊನೆಯ ಗುಂಡಿಗಾಗಿ ಅಲ್ಲ, ಅದಕ್ಕೆ ಮುಂಚಿನ ಕಾಯುವಿಕೆಗಾಗಿ. ಪ್ರಾಯದಲ್ಲಿ ಕೋವಿ ಹಿಡಿದು ಅಲೆದ ತೇಜಸ್ವಿಯವರೇ ಮುಂದೆ ಕ್ಯಾಮೆರಾ ಹಿಡಿದು ಮೂಡಿಗೆರೆಯ ಸುತ್ತ ಹಕ್ಕಿಗಳ ಹಿಂದೆ ಹೋದರು. ಬೇಟೆಗಾರನ ವಿದ್ಯೆಯೆಲ್ಲ ಅಲ್ಲೂ ಬೇಕಾಯಿತು.

ನಮ್ಮ ಸೀಮೆಯವರಿಗೆ ಆ ಸುಖ ದೂರವೇನೂ ಇಲ್ಲ. ಗೌರಿಬಿದನೂರಿನ ಆಚೆ, ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲಿನಲ್ಲಿ ಕೃಷ್ಣಮೃಗಗಳಿವೆ. 2007ರಲ್ಲಿ ಅದನ್ನು ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಎಂದು ಘೋಷಿಸಲಾಯಿತು. ವಿಸ್ತೀರ್ಣ ಸುಮಾರು 800 ಎಕರೆ, ಅಷ್ಟೇ. ಕೋಲಾರ, ತುಮಕೂರು ಸೀಮೆಯ ಇಂಥ ಬಯಲುಗಳನ್ನು ‘ಬಂಜರು’ ಎಂದು ಬರೆದು ನೀಲಗಿರಿ ನೆಟ್ಟದ್ದು, ಉತ್ತದ್ದು, ನಿವೇಶನ ಮಾಡಿದ್ದು ಬಂದೂಕಿಗಿಂತ ಹೆಚ್ಚು ಹುಲ್ಲೆಗಳನ್ನು ಓಡಿಸಿದವು. ಅಲ್ಲಿ ಮುಂಜಾನೆ ಗಾಳಿಗೆ ಎದುರಾಗಿ ಸದ್ದಿಲ್ಲದೆ ಕುಳಿತರೆ, ಕಪ್ಪುಬೆನ್ನಿನ ಗಂಡೊಂದು ತಿರುಚುಗೊಂಬನ್ನು ಹಿಂದಕ್ಕೆ ಚೆಲ್ಲಿ, ಮೂಗನ್ನು ಮೇಲಕ್ಕೆತ್ತಿ ಹೆಣ್ಣುಗಳ ಮುಂದೆ ಬಿಂಕದಿಂದ ನಡೆಯುವುದನ್ನು ಕಾಣಬಹುದು. ಗೋಡೆಗೆ ಏರಿದ ಕೊಂಬು ಈ ನಡಿಗೆಯನ್ನು ತೋರಿಸಲಾರದು. ಆ ಬಯಲು ಬಯಲಾಗಿಯೇ ಉಳಿದರೆ ನಮ್ಮ ಮಕ್ಕಳೂ ಅದನ್ನು ನೋಡಿಯಾರು.